ಮೆಣಸಿನಕಾಯಿ ಮನೆತನದ ಅಫಿಡವಿಟ್ಟು

ಇದು ನಡೆದ ಕಥೆ. ಎಲ್ಲಿ ಕುಂಟಿತೋ ಅಲ್ಲಿ ಮಾತ್ರ ನಾನು ತೋಳು ಹಿಡಿದು ನಡೆಸಿದ್ದೇನೆ, ಓಡಿಸಿಲ್ಲ. ಹೆಸರುಗಳನ್ನಾದರೂ ಬದಲಾಯಿಸಿ ಎಂದು ನನ್ನ ಹೆಂಡತಿ ಶ್ರೀವಿದ್ಯಾ ಹೇಳಿದಳು. ಆದರೆ ಇದು ಹೆಸರುಗಳದ್ದೇ ಕಥೆ. ಅವನ್ನು ತೆಗೆದರೆ ಉಳಿಯುವುದು ಒಂದು ಊಟ, ಒಂದು ಕಾರು ಮತ್ತು ಹನ್ನೊಂದು ಹಾಳೆ.

ಮಹಾಂತಪ್ಪ ಮೆಣಸಿನಕಾಯಿಯವರ ಮನೆ ಕ್ಯಾಲಿಫೋರ್ನಿಯಾದ ಸೆರಿಟೋಸ್‌ನಲ್ಲಿ ನಮ್ಮ ಮನೆಗೆ ಬೆನ್ನು ತಾಗಿಸಿಕೊಂಡಿದೆ. ನಡುವೆ ಒಂದು ಮರದ ಬೇಲಿ. ಮೂಲ ಗಜೇಂದ್ರಗಡ. ಕೆಲಸ ಚಾಟ್ಸ್‌ವರ್ತ್‌ನಲ್ಲಿ, ವಿಮಾನಕ್ಕೆ ವಾಲ್ವ್ ಮಾಡುವ ಒಂದು ಕಾರ್ಖಾನೆಯಲ್ಲಿ. ದಿನಕ್ಕೆ ಮೂರು ಗಂಟೆ ಫ್ರೀವೇ ಮೇಲೆ, ಎಂಟು ಗಂಟೆ ವಾಲ್ವಿನ ಮುಂದೆ. ಅಲ್ಲಿ ಅವರು ಕ್ವಾಲಿಟಿ ಇನ್‌ಸ್ಪೆಕ್ಟರ್. ಅವರ ಮೇಜಿಗೆ ಒಂದು ವಾಲ್ವ್ ಬಂದರೆ ಅದರ ಹಿಂದೆ ಅದರ ಜಾತಕವೂ ಬರಬೇಕು: ಉಕ್ಕು ಯಾವ ಕುಲುಮೆಯದು, ಯಾವ ದಿನ ಕರಗಿದ್ದು, ಕೊರೆದವರು ಯಾರು, ತೊಳೆದವರು ಯಾರು. ಕಾಗದದಲ್ಲಿ ಒಂದು ಕೊಂಡಿ ಕಡಿದರೂ ವಾಲ್ವಿನ ಕೊರಳಿಗೆ ಹಳದಿ ಚೀಟಿ ಬೀಳುತ್ತದೆ. ಹಳದಿ ಎಂದರೆ ತಪ್ಪೂ ಅಲ್ಲ, ಸರಿಯೂ ಅಲ್ಲ. ವಿಚಾರಣೆ ಮುಗಿಯುವವರೆಗೆ ಕಪಾಟಿನಲ್ಲಿ ಕೂತಿರು ಎಂದರ್ಥ. ಇಪ್ಪತ್ತಾರು ವರ್ಷದಲ್ಲಿ ಅವರು ಕಾಗದ ನೋಡದೆ ಒಂದು ಮುದ್ರೆಯನ್ನೂ ಒತ್ತಿದವರಲ್ಲ.

ಅಂಥವರ ಮೇಜಿಗೆ 2022ರ ಫೆಬ್ರವರಿಯಲ್ಲಿ ಒಬ್ಬ ಅಳಿಯ ಬಂದ. ಕಾಗದಪತ್ರ ಇಲ್ಲದೆ.

ಒಬ್ಬಳೇ ಮಗಳು ವೈಶಾಲಿ. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಬೇಜಾರಾಗುವವಳು. ಸ್ಯಾನ್ ಡಿಯೇಗೋದ ಒಂದು ಲ್ಯಾಬಿನಲ್ಲಿ ಕೆಲಸ. ಅದೇ ಲ್ಯಾಬಿನ ಹುಡುಗ ಲೂಕ್ ಸಾನ್‌ಸೂಸಿ. ಅವನ ಹಿರೀಕರು ಕೆನಡಾದ ಕ್ವಿಬೆಕ್‌ನ ಫ್ರೆಂಚ್ ಮಾತಿನವರು. ಅಪ್ಪ ಅಮ್ಮ ಸಿಯಾಟಲ್‌ನಲ್ಲಿ. ಅವನನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡವರು ಸ್ಯಾನ್ ಡಿಯೇಗೋದ ಅಜ್ಜಿ. ಇಷ್ಟನ್ನೂ ಒಂದು ಶನಿವಾರ ಉಪ್ಪಿಟ್ಟಿನ ಮುಂದೆ ಹೇಳಿ ವೈಶಾಲಿ ಮುಗಿಸಿದ್ದು ಹೀಗೆ:

"ಅಪ್ಪಾ, ಮಾರ್ಚ್ ಸೆಕೆಂಡ್ ಸಂಡೇ ಅವರ ಗ್ರ್ಯಾಂಡ್‌ಮಾ ಮನೇಲಿ ಲಂಚ್. ನೀವು ಹೂಂ ಅಂದ್ರೆ ವಿ ವಿಲ್ ಗೋ ಅಹೆಡ್. ನೀವು ನೋ ಅಂದ್ರೆ ಐ ವೋಂಟ್ ಫೈಟ್. ಬಟ್ ಬೇರೆ ಯಾರನ್ನೂ ನಂಗೆ ತೋರಿಸ್ಬೇಡಿ."

ಜಗಳ ಆಡುವ ಮಗಳನ್ನು ಗೆಲ್ಲಬಹುದು. ಇಂಥ ಮಗಳ ಮುಂದೆ ಅಪ್ಪನಾದವನು ಉಪ್ಪಿಟ್ಟು ನುಂಗಲಾರ.

ನಾಲ್ಕು ದಿನ ಕಳೆದ ಮೇಲೆ ಮಹಾಂತಪ್ಪನವರು ಬೇಲಿಯ ಮೇಲಿಂದ ನನ್ನನ್ನು ಕರೆದರು. ಹೋದರೆ ಅಡುಗೆಮನೆಯ ಮೇಜಿನ ಮೇಲೆ ಒಂದು ಫೈಲು. ಪಕ್ಕದಲ್ಲಿ ಅವರ ಹೆಂಡತಿ ಗುರುಬಸವ್ವ ಚವಳಿಕಾಯಿ ಮುರಿಯುತ್ತ ಕೂತಿದ್ದರು.

"ಜಯಂತಪ್ಪ, ನಮ್ಮ ಕಡೆ ಆಗಿದ್ರ ಹೆಂಗ ಮಾಡ್ತಿದ್ವಿ ಹೇಳ್ರಿ," ಎಂದರು ಮಹಾಂತಪ್ಪನವರು. "ಒಬ್ಬ ಹಿರ್ಯಾನ್ನ ಹುಡುಗನ ಊರಿಗೆ ಕಳಸ್ತಿದ್ವಿ. ಆಂವಾ ಚಾದಂಗಡ್ಯಾಗ ಕುಂತು ಎರಡು ಚಾ ಕುಡದ ಅಂದ್ರ ಮನೆತನದ ಹಕೀಕತ್ತೆಲ್ಲಾ ತಾನಾ ಬಂದು ತಾಟಿನ್ಯಾಗ ಬೀಳ್ತಿತ್ತು. ಇಲ್ಲಿ ಎಲ್ಲೈತಿ ಚಾದಂಗಡಿ? ಅದಕ್ಕ ಕಂಪ್ಯೂಟರ್‌ನ್ಯಾಗ ಕುಂತೆ."

ವಂಶವೃಕ್ಷ ಹುಡುಕಿಕೊಡುವ ಒಂದು ತಾಣಕ್ಕೆ ಅವರು ಚಂದಾದಾರರಾಗಿದ್ದರು. ಕ್ವಿಬೆಕ್‌ನ ಚರ್ಚುಗಳು ಮುನ್ನೂರು ವರ್ಷಗಳಿಂದ ಹುಟ್ಟು, ಮದುವೆ, ಸಾವುಗಳನ್ನು ಒಂದೂ ಬಿಡದೆ ಬರೆದಿಟ್ಟಿವೆಯಂತೆ. ಹಾಗೆ ಬರೆದಿಟ್ಟವರಿಗೆ ಮುಂದೊಂದು ದಿನ ಗಜೇಂದ್ರಗಡದ ಇನ್‌ಸ್ಪೆಕ್ಟರ್ ಒಬ್ಬರು ಓದುತ್ತಾರೆಂಬ ಕಲ್ಪನೆ ಇರಲಿಲ್ಲ.

"ನೋಡ್ರಿ. ಹುಡುಗನ ಮುತ್ಯಾನ ಮುತ್ಯಾ, ನಿಮ್ಮ ಕಡೆ ಅಜ್ಜನ ಅಜ್ಜ. ಹೆಸರು ಪಿಯೆರ್. ಹೇಣ್ತಿ ಹೆಸರು ಮಾರಿ ಕ್ಲೂಟ್ಯೇ. ಆಂವಂದೊಂದು ಅಡ್ಡಹೆಸರು, ಅಕಿದೊಂದು ಅಡ್ಡಹೆಸರು. ಹದಿನಾಕು ಮಕ್ಳು. ಸತ್ತಾಗೂ ಅಕಿ ಕ್ಲೂಟ್ಯೇನ. ಅಂದ್ರೇನಾತು? ಹದಿನಾಕು ಮಕ್ಳಾದ ಮ್ಯಾಲೂ ಈ ಮನಷ್ಯಾ ತಾಳಿ ಕಟ್ಟಿಲ್ಲ."

"ಕಟ್ಟಾಕ ಟೈಮ್ ಎಲ್ಲಿತ್ತರೀ ಅಂವಗ," ಎಂದರು ಗುರುಬಸವ್ವ, ಚವಳಿಕಾಯಿಯಿಂದ ಕಣ್ಣೆತ್ತದೆ.

"ನೀ ಸುಮ್ನಿರು. ಎರಡನೇದ್ದು ಕೇಳ್ರಿ. ಆ ಹದಿನಾಕರಾಗ ಎಂಟು ಗಂಡು. ಎಂಟಕ್ಕೂ ಹೆಸರು ಜೋಸೆಫ್. ಆರು ಹೆಣ್ಣು. ಆರಕ್ಕೂ ಮಾರಿ. ಯಾವ ತಾಯಿ ಎಂಟು ಮಕ್ಳಿಗೆ ಒಂದ ಹೆಸರಿಡ್ತಾಳ್ರಿ? ನಮ್ಮೂರಾಗ ರೇಷನ್ ಕಾರ್ಡಿಗೆ ಇಲ್ಲದ ಮಕ್ಳನ್ನ ಸೇರಸ್ತಿದ್ರಲ್ಲ, ಇದು ಅದ. ಇದ್ದಾಂವ ಒಬ್ಬನ ಜೋಸೆಫ್. ಎಂಟು ಕಡೆ ಬರಿಸ್ಯಾರ. ಸಕ್ಕರಿ ಸಲುವಾಗಿ."

"ಮೂರನೆಯದು?" ಎಂದೆ. ಕೇಳದಿದ್ದರೆ ಅವರಿಗೆ ಬೇಸರವಾಗುತ್ತಿತ್ತು.

ಮಹಾಂತಪ್ಪನವರು ದನಿ ತಗ್ಗಿಸಿದರು. "ಹುಡುಗನ ಅಡ್ಡಹೆಸರು ಸಾನ್‌ಸೂಸಿ ಹೌದಲ್ಲ? ಪಿಯೆರ್‌ಂದು ಹಂಗಿಲ್ಲ. ಪಿಯೆರ್ ಮಿಶೋ, ಆಮ್ಯಾಲ ಒಂದು ಸಣ್ಣ ಶಬ್ದ, ಆಮ್ಯಾಲ ಸಾನ್‌ಸೂಸಿ. ಆ ಸಣ್ಣ ಶಬ್ದ ಏನಂತ ಹುಡುಕಿದೆ. ಹಂಗಂದ್ರ 'ಹೀಗೆ ಕರೆಯಲ್ಪಡುವ'. ಮಿಶೋ ಉರ್ಫ್ ಸಾನ್‌ಸೂಸಿ. ಜಯಂತಪ್ಪ, ನೀವು ಪೇಪರ್ ಓದೋರು. ಉರ್ಫ್ ಅನ್ನೋದು ಯಾವ ಪುಟದಾಗ ಬರ್ತೈತಿ?"

ನಾನು ಒಪ್ಪಿಕೊಂಡೆ. ನಮ್ಮ ಪತ್ರಿಕೆಗಳಲ್ಲಿ ಉರ್ಫ್ ಇರುವವರ ಚಿತ್ರ ಯಾವಾಗಲೂ ಇಬ್ಬರು ಪೊಲೀಸರ ಮಧ್ಯೆಯೇ ಇರುತ್ತದೆ.

"ಹುಡುಗ ಬಂದಿದ್ದ. ಉಂಡು ತಾಟು ತಾನ ತೊಳದ," ಎಂದರು ಗುರುಬಸವ್ವ. "ನನಗ ಅಷ್ಟ ಸಾಕು. ಇವರಿಗೆ ಮುನ್ನೂರು ವರ್ಷದ ತಾಟು ತೋರಸ್ಬೇಕಂತ."

ಮಹಾಂತಪ್ಪನವರು ಫೈಲು ಮುಚ್ಚಿದರು. "ಹುಡುಗ ಚಲೋ ಅದಾನ. ನಾ ಇಲ್ಲ ಅಂದೇನು? ಆದ್ರ ಮಗಳು ನನ್ನ ಒಪ್ಪಿಗಿ ಕಾಯಾಕತ್ತಾಳ. ವಿಚಾರ ಮಾಡದ ಹೂಂ ಅಂದ್ರ ಅದು ಒಪ್ಪಿಗಿ ಅಲ್ರಿ, ಬರೇ ಸಹಿ. ನಾಳೆ ಏನಾರ ಆದ್ರ ಅಪ್ಪಾ ನೋಡ್ಲೇ ಇಲ್ಲ ಅಂತಾಳ. ಹೂಂ ಅನ್ಬೇಕಂತ ನನಗೂ ಐತಿ. ಕಾಗದ ಕೂಡವಲ್ದು." ಕೆನಡಾದ ಮೂರು ಕಚೇರಿಗಳಿಗೆ ಅವರು ಪತ್ರ ಬರೆದಿದ್ದರು. ಈ ಮನೆತನದ ನಡತೆಯ ಬಗ್ಗೆ ದಾಖಲೆ ಇದ್ದರೆ ದಯವಿಟ್ಟು ಫೋನ್ ಮಾಡಿ ಎಂದು.

ನಾನು ಮನೆಗೆ ಬಂದು ಹುಡುಕಿದೆ. ಹತ್ತು ನಿಮಿಷದಲ್ಲಿ ಎಲ್ಲ ಸಿಕ್ಕಿತು. ಆ ಕಡೆ ಹೆಣ್ಣುಮಕ್ಕಳು ಮದುವೆಯಾದರೂ ತವರಿನ ಹೆಸರು ಬಿಡುವುದಿಲ್ಲ. ಗಂಡುಮಗುವಿಗೆ ಜ್ಞಾನಸ್ನಾನದಲ್ಲಿ ಮೊದಲು ಜೋಸೆಫ್ ಎಂದೂ, ಹೆಣ್ಣಿಗೆ ಮಾರಿ ಎಂದೂ ಸಂತರ ಹೆಸರು ಸೇರಿಸಿ, ಕರೆಯುವ ಹೆಸರನ್ನು ಆಮೇಲೆ ಇಡುತ್ತಿದ್ದರು. ಒಂದೇ ಊರಲ್ಲಿ ಮಿಶೋಗಳು ಹೆಚ್ಚಾದರೆ ಗುರುತಿಗೆಂದು ಇನ್ನೊಂದು ಹೆಸರು ಅಂಟುತ್ತಿತ್ತು. ಬೇಲಿಯ ಹತ್ತಿರ ಹೋಗಿ ಇದನ್ನು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಒಳ್ಳೆಯ ನೆರೆಯವನು ಹಾಗೆಯೇ ಮಾಡುತ್ತಿದ್ದ. ಆದರೆ ನನಗೆ ಒಂದು ಕಾಯಿಲೆಯಿದೆ. ಯಾರ ದನಿ ಕೇಳಿದರೂ ಅದು ನನ್ನ ಗಂಟಲಿಗೆ ಬಂದು ಬಾಡಿಗೆಗೆ ಕೂರುತ್ತದೆ. ಕನ್ನಡ ಸಂಘದ ಯುಗಾದಿಯಲ್ಲಿ ಅಧ್ಯಕ್ಷರ ದನಿಯಲ್ಲಿ ನಾನೇ ವಂದನಾರ್ಪಣೆ ಮಾಡಿ, ಅಧ್ಯಕ್ಷರು ತಾವೇ ಮಾತಾಡಿದೆವೆಂದು ನಂಬಿ ಕೂತ ಪ್ರಸಂಗವೂ ಉಂಟು.

ಮುಂದಿನ ಬುಧವಾರ ಸಂಜೆ ಆರಕ್ಕೆ, ನಂಬರು ಕಾಣದ ಹಾಗೆ ಮಾಡಿ, ನಮ್ಮ ಹಿತ್ತಲ ಬಾಗಿಲಲ್ಲಿ ನಿಂತು ಫೋನ್ ಮಾಡಿದೆ. ಬೇಲಿಯಾಚೆ ಅವರ ಅಡುಗೆಮನೆಯ ಕಿಟಕಿ ಚೆನ್ನಾಗಿ ಕಾಣುತ್ತಿತ್ತು.

"ಅಲೋ," ಎಂದೆ. ಇಂಗ್ಲಿಷನ್ನು ಮೂಗಿನಿಂದ ಒಳಗೆ ತೆಗೆದುಕೊಂಡು, ರಕಾರಗಳನ್ನೆಲ್ಲ ಗಂಟಲಲ್ಲಿ ಗೊರಗುಟ್ಟಿಸಿ ಬಿಡಬೇಕು. "ಮುಸ್ಯೋ ಮನಸ್ಸಿನ್‌ಕಾಯೀ? ಝಿಸ್ ಈಸ್ ಜೋಝೆಫ್. ಆರ್ಕೈವ್. ಮೋಂರಿಯಾಲ್."

ಕಿಟಕಿಯಲ್ಲಿ ಮಹಾಂತಪ್ಪನವರು ಎದ್ದು ನಿಂತರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು. ಫೋನನ್ನು ಸ್ಪೀಕರಿಗೆ ಹಾಕಿ ಹೆಂಡತಿಗೆ ಸನ್ನೆ ಮಾಡಿದರು.

ನಿಮ್ಮ ಪತ್ರ ನಮ್ಮ ದಾಖಲೆ ಕಚೇರಿಗೆ ತಲುಪಿದೆ ಎಂದೆ. ಆದರೆ ನಮ್ಮಲ್ಲಿ ಒಂದು ನಿಯಮ: ಇನ್ನೊಬ್ಬರ ಮನೆತನದ ಕಡತ ಕೇಳುವವರು ಮೊದಲು ತಮ್ಮ ಮನೆತನದ ಕಡತ ಕೊಡಬೇಕು. ಮೂರು ತಲೆಮಾರು. ಯಾರ ಹೆಸರು ಏನು, ಯಾಕೆ ಹಾಗಿದೆ, ಕಾರಣ ಸಮೇತ. ನೋಟರಿ ಮುದ್ರೆ ಬೇಕು.

"ಯೆಸ್ ಸರ್. ವೇರ್ ಟು ಸೆಂಡ್ ಸರ್?"

ಇದನ್ನು ನಾನು ಯೋಚಿಸಿರಲಿಲ್ಲ. ಮಾಂಟ್ರಿಯಲ್‌ನಲ್ಲಿ ನನಗೆ ವಿಳಾಸವಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಝಿ ಎಲ್ಡೆಸ್ಟ್ ಪರ್ಸನ್ ಆಫ್ ಝಿ ಫ್ಯಾಮಿಲಿ. ಯೂ ಗಿವ್ ಇನ್ ಝಿ ಹ್ಯಾಂಡ್."

ಅಷ್ಟರಲ್ಲಿ ನನ್ನ ಹಿಂದಿನಿಂದ ಶ್ರೀವಿದ್ಯಾಳ ದನಿ ಬಂತು. "ರೀ, ಹಾಲು ಉಕ್ತಾ ಇದೆ ಸ್ಟೋವ್ ಆಫ್ ಮಾಡಿ ಅಂದ್ರೆ ಎಲ್ಲಿ ಹಾಳಾಗ್ ಹೋದ್ರಿ."

ನಾನು "ಮೆರ್ಸಿ" ಎಂದು ಫೋನಿಟ್ಟೆ. ಮುಗಿಯಿತು, ಸಿಕ್ಕಿಬಿದ್ದೆ ಎಂದುಕೊಂಡೆ. ಮರುದಿನ ಬೆಳಿಗ್ಗೆ ಮಹಾಂತಪ್ಪನವರು ಬೇಲಿಯ ಮೇಲೆ ಮುಖವಿಟ್ಟರು. ಕಣ್ಣಲ್ಲಿ ಭಕ್ತಿ.

"ಜಯಂತಪ್ಪ, ಕೆನಡಾದಿಂದ ಫೋನ್ ಬಂದಿತ್ತು. ಅಲ್ಲಿ ಆಗ ರಾತ್ರಿ ಒಂಬತ್ತು. ಒಂಬತ್ತಕ್ಕೂ ಮನಷ್ಯಾ ಆಫೀಸಿನ್ಯಾಗ ಅದಾನ. ಎಂಥಾ ನಿಷ್ಠಿ ನೋಡ್ರಿ. ಮತ್ತ ಇನ್ನೊಂದು. ಆ ಆಫೀಸಿನ್ಯಾಗ ನಮ್ಮವರೂ ಅದಾರ. ಯಾರೋ ಬೆಂಗಳೂರು ಕಡೆ ಹೆಣ್ಣಮಗಳು ಹಾಲು ಉಕ್ಕಾಕತ್ತೈತಿ ಅಂತ ಒದರಾಕತ್ತಿದ್ಲು. ಎಲ್ಲಿ ಹೋದ್ರೂ ನಮ್ಮ ಮಂದಿ ಹಾಲು ಬಿಡಂಗಿಲ್ಲ."

ಅವರ ಬೆನ್ನ ಹಿಂದೆ ಗುರುಬಸವ್ವ ಬಟ್ಟೆ ಹರವುತ್ತಿದ್ದರು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಒಂದು ಟವೆಲನ್ನು ಅಗತ್ಯಕ್ಕಿಂತ ಜೋರಾಗಿ ಝಾಡಿಸಿದರು.

ಆ ವಾರ ಮಹಾಂತಪ್ಪನವರು ತಮ್ಮ ಮನೆತನವನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡರು. ಮೊದಲ ಕೊಂಡಿಯಲ್ಲೇ ತೊಡಕು. ಅವರು ಮೆಣಸಿನಕಾಯಿ; ಒಡಹುಟ್ಟಿದ ಅಣ್ಣ ಸಂಗಮೇಶ, ಪಾಟೀಲ; ಕಾಕಾ ಒಬ್ಬರು ಹುಬ್ಬಳ್ಳಿಯಲ್ಲಿ ಗಜೇಂದ್ರಗಡ. ಒಂದೇ ಅಂಗಳದಲ್ಲಿ ಆಡಿದವರಿಗೆ ಮೂರು ಅಡ್ಡಹೆಸರು. ಅರವತ್ತು ವರ್ಷ ಇದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ಈಗ ಮುಸ್ಯೋ ಜೋಸೆಫ್ ಕಾರಣ ಕೇಳಿದ್ದಾರೆ.

ಬೆಳಿಗ್ಗೆ ಏಳಕ್ಕೆ ಊರಿಗೆ ಫೋನು. ಅಲ್ಲಿ ರಾತ್ರಿ ಎಂಟೂವರೆ. ನಾನು ಕಾಫಿ ಪುಡಿ ಕೇಳುವ ನೆಪದಲ್ಲಿ ಅಲ್ಲೇ ಇದ್ದೆ.

"ಅಣ್ಣಾ, ನೀ ಯಾಕ ಪಾಟೀಲ?"

"ಯಾಕಲೇ ಮಾಂತ್ಯಾ, ಆರಾಮ ಅದೀ ಇಲ್ಲ?"

"ಆರಾಮ ಅದೀನಿ. ನೀ ಪಾಟೀಲ ಹೆಂಗಾದಿ, ನಾ ಮೆಣಸಿನಕಾಯಿ ಹೆಂಗಾದೆ? ಬರವಣಿಗ್ಯಾಗ ಬೇಕು. ಮುತ್ಯಾನ ಕಾಲದ ಕಾಗದ ಏನಾರ ಅದಾವೇನು?"

"ಯಾರಿಗೆ ಬೇಕು?"

"ಇಲ್ಲಿ ನೋಟರಿ ಮಾಡಿಸ್ಬೇಕು."

ಕಾಗದ, ಮುತ್ಯಾ, ನೋಟರಿ. ಈ ಮೂರು ಮಾತು ಒಂದೇ ಉಸಿರಿನಲ್ಲಿ ಬಂದರೆ ಗಜೇಂದ್ರಗಡದಲ್ಲಿ ಅದಕ್ಕೆ ಒಂದೇ ಅರ್ಥ. ಅರ್ಧ ಗಂಟೆಯಲ್ಲಿ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಬೆಂಕಿ ಬಿತ್ತು. ಮಾಂತ್ಯಾ ಅಮೆರಿಕಾದಾಗ ಕುಂತು ಹೊಲದ ಉತಾರ ತೆಗಸಾಕತ್ತಾನ. ಮಾಂತ್ಯಾ ಪಾಲು ಕೇಳಾಕತ್ತಾನ. ಎಂಬತ್ತು ದಾಟಿದ ಬಸಲಿಂಗವ್ವ ಅತ್ತೆ ಧ್ವನಿಸಂದೇಶ ಕಳಿಸಿದರು: "ಮಾಂತೂ, ನೀ ಸಣ್ಣಾಂವಿದ್ದಾಗ ನಿನ್ನ ಕುಂಡಿ ತೊಳದಾಕಿ ನಾನು. ಹಿತ್ತಲಾನ ಬೇವಿನಗಿಡ ನನಗ ಇರ್ಲಿ." ಸೊಸೆಯೊಬ್ಬಳು ಹಣೆಗೆ ಕೈ ಹಚ್ಚಿಕೊಂಡ ಚಿತ್ರ ಹಾಕಿದಳು. ಮಹಾಂತಪ್ಪನವರು ಎರಡು ದಿನ ರಜೆ ಹಾಕಿ, ಹೊಲ ಬೇಡ, ಮನೆ ಬೇಡ, ಬೇವಿನ ಗಿಡವಂತೂ ಬೇಡವೇ ಬೇಡ, ಬರೀ ಕಾರಣ ಬೇಕು ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳಿದರು. ಹೊಲ ಬೇಡವೆನ್ನುವ ದಾಯಾದಿಯನ್ನು ಯಾರು ನಂಬುತ್ತಾರೆ? ಅವರಿಗೆ ಇನ್ನೂ ಹೆದರಿಕೆಯಾಯಿತು.

ಕಡೆಗೆ ಸಂಗಮೇಶಣ್ಣನೇ ನೆನೆದು ಹೇಳಿದ. ಅಜ್ಜ ಊರಿನ ಪಾಟೀಲಕಿ, ಅಂದರೆ ಪಟೇಲಿಕೆ, ನಡೆಸುತ್ತಿದ್ದರು. ಅಪ್ಪ ಮೆಣಸಿನಕಾಯಿ ವ್ಯಾಪಾರಕ್ಕೆ ಇಳಿದರು. ಅಣ್ಣನನ್ನು ಶಾಲೆಗೆ ಸೇರಿಸಲು ಕರೆದೊಯ್ದವರು ಅಜ್ಜ. ಮಾಸ್ತರರು ಅಜ್ಜನ ಮುಖ ನೋಡಿ ಪಾಟೀಲ ಎಂದು ಬರೆದುಕೊಂಡರು. ತಮ್ಮನನ್ನು ಕರೆದೊಯ್ದವನು ಅಪ್ಪನ ಅಂಗಡಿಯ ಹಮಾಲ. ಅವನ ಹೆಗಲ ಮೇಲೆ ಚೀಲವಿತ್ತು. ಮಾಸ್ತರರು ಸೀನುತ್ತಲೇ ಬರೆದರು.

ಇಂಥ ಹನ್ನೊಂದು ಹಾಳೆ ಇಂಗ್ಲಿಷಿನಲ್ಲಿ ತಯಾರಾಯಿತು. ನೋಟರಿಗೆ ನಾನೂ ಜೊತೆಗೆ ಹೋದೆ. ಪಕ್ಕದ ಆರ್ಟೀಶಿಯಾದಲ್ಲಿ ಸೀರೆ ಅಂಗಡಿಗೂ ಮಿಠಾಯಿ ಅಂಗಡಿಗೂ ನಡುವೆ ಸಣ್ಣ ಕೋಣೆ. ಕನ್ನಡಕದ ಗುಜರಾತಿ ಹೆಂಗಸು. ಲೈಸೆನ್ಸ್ ನೋಡಿ, ಹೆಬ್ಬೆರಳು ಒತ್ತಿಸಿಕೊಂಡು, ಹಾಳೆ ತಿರುವಿ ಮಾಮೂಲಿನಂತೆ ಕೇಳಿದರು: "ಬೇರೆ ಯಾವುದಾದರೂ ಹೆಸರಿನಲ್ಲಿ ನಿಮ್ಮನ್ನು ಕರೆಯುತ್ತಾರಾ ಅಂಕಲ್? ಇದ್ದರೆ ಇಲ್ಲಿ ಬರೆಯಿರಿ."

ಮಹಾಂತಪ್ಪನವರ ಪೆನ್ನು ನಿಂತಿತು. "ಅಂದ್ರ?"

"ಉರ್ಫ್," ಎಂದರು ಆಕೆ. ಹಿಂದಿಯಲ್ಲಿ, ತುಂಬ ಸ್ಪಷ್ಟವಾಗಿ.

ನಾನು ಗೋಡೆಯ ಕ್ಯಾಲೆಂಡರ್ ನೋಡತೊಡಗಿದೆ. ಸುಳ್ಳು ಹೇಳುವ ಮನುಷ್ಯ ಅವರಲ್ಲ. ಪ್ರಮಾಣ ಮಾಡಿ ಕೂತಿದ್ದರು. ಬರೆಯತೊಡಗಿದರು. ಎಸ್ಸೆಸ್ಸೆಲ್ಸಿ ಪಟ್ಟಿಯಲ್ಲಿ ಎಂ. ಎಸ್. ಗಜೇಂದ್ರಗಡ. ಮೊದಲ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲದೆ ಬರೀ ಮಹಾಂತಪ್ಪ. ಅದಕ್ಕೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು 'ಗೊತ್ತಿಲ್ಲ', ಕೊನೆಯ ಹೆಸರು ಮಹಾಂತಪ್ಪ. ಕಾರ್ಖಾನೆಯಲ್ಲಿ ಮೈಕ್. ಮನೆಯಲ್ಲಿ ಮಾಂತ್ಯಾ. ಗೆರೆ ಮುಗಿಯಿತು. ಆಕೆ ಇನ್ನೊಂದು ಹಾಳೆ ಕೊಟ್ಟರು.

ಹೊರಗೆ ಬಂದು ಕಾರಿನ ಬಾಗಿಲು ಹಿಡಿದು ನಿಂತರು. "ಜಯಂತಪ್ಪ, ಆ ಪಿಯೆರ್‌ಗ ಬರೇ ಎರಡ ಇದ್ವು," ಎಂದರು.

ಎರಡನೇ ಭಾನುವಾರ ಬಂತು. ಡ್ರೈವ್ ಮಾಡಲು ನಾನೇ ಬೇಕೆಂದರು. ಸೂಟು, ಟೈ, ಮಡಿಲಲ್ಲಿ ಫೈಲು. ಹಿಂದಿನ ಸೀಟಿನಲ್ಲಿ ಗುರುಬಸವ್ವ, ರೊಟ್ಟಿ ಎಣ್ಣೆಗಾಯಿಯ ಡಬ್ಬಿಗಳ ನಡುವೆ. ಸ್ಯಾನ್ ಕ್ಲೆಮೆಂಟೆ ದಾಟಿ ಬಲಕ್ಕೆ ಸಮುದ್ರ ಕಂಡಾಗ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ.

"ಮಹಾಂತಪ್ಪೋರೇ, ಆ ಫೋನ್ ಮಾಡಿದ ಜೋಸೆಫ್ ಇದ್ದಾರಲ್ಲ."

"ದೇವರಂಥ ಮನಷ್ಯಾ," ಎಂದರು. "ನನ್ನ ಮನೆತನ ನನಗ ತೋರಿಸಿದ."

ನಾನು ಬಾಯಿ ಮುಚ್ಚಿ ಸಮುದ್ರ ನೋಡಿದೆ. ಕನ್ನಡಿಯಲ್ಲಿ ಗುರುಬಸವ್ವ ನನ್ನನ್ನು ನೋಡುತ್ತಿದ್ದರು.

ಅಜ್ಜಿಯ ಮನೆ ಸ್ಯಾನ್ ಡಿಯೇಗೋಗೆ ಅಂಟಿದ ಲಾ ಮೇಸಾದಲ್ಲಿ, ನಿಂಬೆ ಗಿಡವಿರುವ ಸಣ್ಣ ಮನೆ. ವಯಸ್ಸು ಎಂಬತ್ತಾರು. ಹೆಸರು ಮಾರಿ-ತೆರೇಸ್ ಬೋಲ್ಯೂ. ಗಂಡನ ಅಡ್ಡಹೆಸರನ್ನು ಈಕೆಯೂ ಮುಟ್ಟಿರಲಿಲ್ಲ. ವೈಶಾಲಿ ಅಪ್ಪನ ಮುಖವನ್ನೇ ಓದುತ್ತಿದ್ದಳು. ಲೂಕ್ ಎತ್ತರದ ಹುಡುಗ, ಬಾಗಿಲಲ್ಲೇ ಎಲ್ಲರ ಕಾಲು ಮುಟ್ಟಿದ, ನನ್ನದನ್ನೂ. ನನಗಿಂತ ನಾಚಿಕೆಗೆ ಅರ್ಹನಾದವನು ಆ ಕ್ಷಣ ಕ್ಯಾಲಿಫೋರ್ನಿಯಾದಲ್ಲಿ ಇರಲಿಲ್ಲ.

ಅಜ್ಜಿ ನಮಗಾಗಿ ಮಾಂಸ ಬಿಟ್ಟು ಬಟಾಣಿ ಸಾರು ಮಾಡಿದ್ದರು. ಜೋಳದ ರೊಟ್ಟಿಯನ್ನು ಮುರಿದು, ರುಚಿ ನೋಡಿ, ಒಳಗಿನಿಂದ ಮೇಪಲ್ ಸಿರಪ್ ತಂದು ಅದರ ಮೇಲೆ ಧಾರಾಳವಾಗಿ ಸುರಿದರು. ಮಹಾಂತಪ್ಪನವರು ಕಣ್ಣು ಮುಚ್ಚಿಕೊಂಡರು. ತೆರೆದಾಗ ಎದ್ದು ನಿಂತಿದ್ದರು.

"ಮೇಡಮ್," ಎಂದರು ಇಂಗ್ಲಿಷಿನಲ್ಲಿ. "ಮುಸ್ಯೋ ಜೋಸೆಫರ ಆದೇಶದಂತೆ ನಮ್ಮ ಮನೆತನದ ದಾಖಲೆಯನ್ನು ತಮ್ಮ ಕೈಗೆ ಒಪ್ಪಿಸುತ್ತಿದ್ದೇನೆ."

"ಅಪ್ಪಾ, ವಾಟ್ ಇಸ್ ದಿಸ್," ಎಂದಳು ವೈಶಾಲಿ.

ಅಜ್ಜಿ ಕನ್ನಡಕ ಹಾಕಿಕೊಂಡು ಓದತೊಡಗಿದರು. ಹನ್ನೊಂದು ಹಾಳೆ, ಮೇಲೆ ನೋಟರಿಯ ಒಂದು. ಸಾರು ಆರಿತು. ಲೂಕ್ ವೈಶಾಲಿಯನ್ನು ನೋಡಿ ಏನೆಂದು ಕಣ್ಣಲ್ಲಿ ಕೇಳಿದ. ಅವಳು ಹೆಗಲು ಹಾರಿಸಿದಳು. ನಾನು ಉಪ್ಪಿನ ಡಬ್ಬಿಯ ತೂತುಗಳನ್ನು ಎಣಿಸಿದೆ. ಒಂಬತ್ತು.

ಓದಿ ಮುಗಿಸಿದ ಅಜ್ಜಿ ಫೈಲು ಮುಚ್ಚಿ ಒಳಗೆ ಹೋದರು. ಮಹಾಂತಪ್ಪನವರು ನನ್ನ ಕಡೆ ಬಾಗಿದರು. "ಫೇಲ್ ಆತು ಕಾಣಸ್ತೈತಿ," ಎಂದು ಪಿಸುಗುಟ್ಟಿದರು. ಅಜ್ಜಿ ಬಂದರು, ಕಂಕುಳಲ್ಲಿ ಕಾಗದದ ಒಂದು ಉದ್ದನೆಯ ಸುರುಳಿ. ತಟ್ಟೆಗಳನ್ನೆಲ್ಲ ಬದಿಗೆ ಸರಿಸಿ ಮೇಜಿನ ತುಂಬ ಬಿಚ್ಚಿದರು. ಮುನ್ನೂರೈವತ್ತು ವರ್ಷದ ಹೆಸರುಗಳು, ಪೆನ್ಸಿಲಿನಲ್ಲಿ.

"ಇಪ್ಪತ್ತು ವರ್ಷದಿಂದ ಇದನ್ನು ಬರೆಯುತ್ತಿದ್ದೇನೆ," ಎಂದರು. ಆಕೆಯ ಇಂಗ್ಲಿಷನ್ನು ನಾನು ಕನ್ನಡಕ್ಕೆ ಇಳಿಸಿಕೊಂಡಿದ್ದೇನೆ. "ನಮ್ಮ ಮನೆಗೆ ಸಂಬಂಧ ಮಾಡಿದವರನ್ನೆಲ್ಲ ಕೇಳಿದ್ದೇನೆ, ನಿಮ್ಮ ಅಜ್ಜ ಯಾರು ಅಂತ. ಎಲ್ಲರೂ ಎರಡನೇ ತಲೆಮಾರಿಗೆ ಹೆಗಲು ಹಾರಿಸುತ್ತಾರೆ. ಕೇಳದೆಯೇ ಮೂರು ತಲೆಮಾರನ್ನು ಮುದ್ರೆ ಹಾಕಿಸಿ ಮನೆಗೆ ತಂದವರು ನೀವೊಬ್ಬರೇ."

ಆಮೇಲೆ ಬೆರಳಿಟ್ಟು ತೋರಿಸಿದರು. ಇವನು ಪಿಯೆರ್ ಮಿಶೋ. ಇವನ ಹಿರೀಕ ಸೈನ್ಯಕ್ಕೆ ಸೇರಿದಾಗ ದಳದಲ್ಲಿ ಆರು ಮಿಶೋಗಳು. ಆ ಹಿರೀಕನಿಗೆ ಯಾವುದರ ಚಿಂತೆಯೂ ಇರಲಿಲ್ಲವಾದ್ದರಿಂದ ಸಾನ್‌ಸೂಸಿ, ಚಿಂತೆಯಿಲ್ಲದವ ಎಂದು ಕರೆದರು. ಮುಂದೆ ಒಂದೇ ಮನೆಯಲ್ಲಿ ಅಣ್ಣನ ಮಕ್ಕಳು ಮಿಶೋ ಇಟ್ಟುಕೊಂಡರು, ತಮ್ಮನ ಮಕ್ಕಳು ಸಾನ್‌ಸೂಸಿ. ಇವಳು ಮಾರಿ ಕ್ಲೂಟ್ಯೇ. ಮದುವೆಯಾದ ದಿನ ಇಲ್ಲಿದೆ, ನೋಡಿ. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಹೋಗುವಾಗ ಹೆಸರನ್ನು ಜೊತೆಗೇ ಒಯ್ಯುತ್ತಾಳೆ. ಈ ಎಂಟು ಜನ ಜೋಸೆಫರಿಗೂ ಕರೆಯುವ ಹೆಸರು ಬೇರೆ ಬೇರೆ ಇದೆ.

"ಸಕ್ಕರಿ ಸಲುವಾಗಿ ಅಲ್ಲ," ಎಂದರು ಮಹಾಂತಪ್ಪನವರು ಮೆಲ್ಲಗೆ, ತಮಗೆ ತಾವೇ.

ಅಜ್ಜಿ ಪೆನ್ಸಿಲ್ ತೆಗೆದುಕೊಂಡು, ಲೂಕ್‌ನ ಹೆಸರಿನ ಪಕ್ಕ ವೈಶಾಲಿಯದನ್ನು ಬರೆದರು. ಅದರ ಮೇಲೆ ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು: ಮಹಾಂತಪ್ಪ ಪಾಟೀಲ, ಆ ಸಣ್ಣ ಶಬ್ದ, ಮೆಣಸಿನಕಾಯಿ. "ನೀವು ನಮ್ಮಂಥವರೇ," ಎಂದರು. ಪಕ್ಕಕ್ಕೆ ತಿರುಗಿ ಗುರುಬಸವ್ವನವರನ್ನು ಕೇಳಿದರು, "ನಿಮ್ಮ ಹೆಸರು?"

"ಗುರುಬಸವ್ವ ಮೆಣಸಿನಕಾಯಿ."

"ಅದು ಅವರದು. ನಿಮ್ಮದು?"

ಗುರುಬಸವ್ವ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. "ಬೆಲ್ಲದ," ಎಂದರು. "ಗುರುಬಸವ್ವ ಬೆಲ್ಲದ." ಆಮೇಲೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಮೂವತ್ತೊಂದು ವರ್ಷದಾಗ ಇದನ್ನ ಯಾರೂ ಕೇಳಿದ್ದಿಲ್ಲ," ಎಂದರು. ಪೆನ್ಸಿಲು ಆ ಹೆಸರು ಬರೆದು ಮುಗಿಸುವವರೆಗೆ ಅವರು ರೆಪ್ಪೆ ಹೊಡೆಯಲಿಲ್ಲ.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಬಹುದಿತ್ತು. ಆದರೆ ಅಜ್ಜಿ ಫೈಲನ್ನು ಮತ್ತೆ ಎತ್ತಿಕೊಂಡರು. "ಈ ಮುಸ್ಯೋ ಜೋಸೆಫ್ ಯಾರು?"

"ಆರ್ಕೈವ್ ಆಫೀಸರ್," ಎಂದರು ಮಹಾಂತಪ್ಪನವರು. "ಅವರೇ ಫೋನ್ ಮಾಡಿದ್ದರು."

"ಅವರು ಫೋನ್ ಮಾಡುವುದಿಲ್ಲ. ಇಪ್ಪತ್ತು ವರ್ಷದಿಂದ ನಾನೇ ಕಾಗದ ಬರೆಯುತ್ತಿದ್ದೇನೆ. ಉತ್ತರ ಬರುವುದಕ್ಕೇ ಆರು ತಿಂಗಳು."

ಮಹಾಂತಪ್ಪನವರು ನಕ್ಕರು, ಅರ್ಥವಾಗದವರ ನಗು. ಗುರುಬಸವ್ವ ಎಲ್ಲರ ತಟ್ಟೆಗೆ ಶೇಂಗಾ ಚಟ್ನಿ ಹಾಕುತ್ತ ಬಂದರು. ನನ್ನ ತಟ್ಟೆಯ ಹತ್ತಿರ ನಿಂತರು.

"ನಿಮ್ಮ ಜೋಸೆಫ್ ಇಲ್ಲೇ ಕುಂತಾನ್ರೀ. ಎಣ್ಣಿಗಾಯಿ ಎರಡನೇ ಸಲ ಹಾಕಿಸ್ಕೊಂಡಾನ. ಅವತ್ತು ಹಾಲು ಉಕ್ಕಿದ್ದು ಕೆನಡಾದಾಗಲ್ಲ, ಬೇಲಿ ಆಕಡೆ."

ನಾನು ಎದ್ದು ನಿಂತೆ. ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ತಪ್ಪಾಯಿತೆಂದೆ. ತಮಾಷೆಗೆ ಮಾಡಿದ್ದು, ಹೇಳಬೇಕೆಂದುಕೊಂಡೆ, ಆಗಲಿಲ್ಲ ಎಂದೆಲ್ಲ ಅಂದೆ. ಮಹಾಂತಪ್ಪನವರು ಟೈ ಸಡಿಲಿಸಿ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು. ಬೀಗರಾಗಬೇಕಾದವರ ಮನೆಯಲ್ಲಿ, ಅವರ ಮೇಜಿನ ಮುಂದೆ, ಹುಸಿ ಆದೇಶಕ್ಕೆ ಹನ್ನೊಂದು ಹಾಳೆ ಬರೆದು ತಂದ ಮನುಷ್ಯ ಅವರು. ಫೈಲನ್ನು ತಮ್ಮ ಕಡೆ ಎಳೆದುಕೊಂಡರು. ವೈಶಾಲಿಯ ಕಣ್ಣಲ್ಲಿ ನೀರು ತುಂಬಿತ್ತು. ಅಪ್ಪ ಎದ್ದು ಹೊರಗೆ ನಡೆದರೆ ಅವಳು ಜಗಳ ಆಡುವುದಿಲ್ಲವೆಂದು ಮೊದಲೇ ಹೇಳಿಬಿಟ್ಟಿದ್ದಳು.

"ಆ ದನಿ ತಗೀರಿ," ಎಂದರು ಮಹಾಂತಪ್ಪನವರು.

"ಮಹಾಂತಪ್ಪೋರೇ, ದಯವಿಟ್ಟು."

"ತಗೀರಿ ಅಂದೆ."

ತೆಗೆದೆ. "ಅಲೋ, ಮುಸ್ಯೋ ಮನಸ್ಸಿನ್‌ಕಾಯೀ. ಝಿಸ್ ಈಸ್ ಜೋಝೆಫ್."

ಅಜ್ಜಿ ಮುಖ ಹಿಂಡಿದರು. "ಇದು ಕ್ವಿಬೆಕ್ ಅಲ್ಲ. ನೆಗಡಿಯಾದ ಪ್ಯಾರಿಸ್ ವೇಟರ್."

ಮಹಾಂತಪ್ಪನವರು ಅವರನ್ನು ನೋಡಲಿಲ್ಲ. ಬಲಗೈಯನ್ನು ಮೆಲ್ಲಗೆ ಎತ್ತಿ, ಹೆಬ್ಬೆರಳು ಕಿವಿಗೆ, ಕಿರುಬೆರಳು ಬಾಯಿಗೆ ಹಿಡಿದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ನಮಸ್ಕಾರ್ರಿ ಮುಸ್ಯೋ ಜೋಸೆಫ್," ಎಂದರು. "ನೀವು ಹೇಳಿದಂಗ ಕಡತ ಕೊಟ್ಟೀನಿ. ಅವರದೂ ನೋಡಿದೆ. ಎರಡೂ ಕಡೆ ಕಾಗದ ಬರಾಬರ್ ಅದಾವ. ಹುಡುಗನ ಮ್ಯಾಲ ನನ್ನದೇನೂ ತಕರಾರಿಲ್ಲ. ಹುಡುಗಿ ಅಪ್ಪಾ ಹೂಂ ಅಂದಾನಂತ ನಿಮ್ಮ ಪುಸ್ತಕದಾಗ ಬರಕೋರಿ." ತುಸು ತಡೆದು, "ಬರಕೊಂಡ್ರೇನು?" ಎಂದರು.

ಮುಸ್ಯೋ ಜೋಸೆಫನಿಗೆ ಗಂಟಲ ರಕಾರ ಮರೆತುಹೋಗಿತ್ತು. "ಬರ್ಕೊಂಡೆ ಸಾರ್," ಎಂದಿತು ನನ್ನ ಬಾಯಿ, ಅಪ್ಪಟ ಬಸವನಗುಡಿಯಲ್ಲಿ.

ಮೊದಲು ಅವರ ಹೆಗಲು ಕುಲುಕಿತು. ಆಮೇಲೆ ಹೊಟ್ಟೆ. ಆಮೇಲೆ ಮೇಜು. ವೈಶಾಲಿ ಅಳುತ್ತ ನಗುತ್ತಿದ್ದಳು, ಲೂಕ್ ಏನೆಂದು ತಿಳಿಯದೆ ನಗುತ್ತಿದ್ದ, ಅಜ್ಜಿ ವಂಶವೃಕ್ಷದ ಮೇಲೆ ಸಾರು ಚೆಲ್ಲದಂತೆ ಎರಡೂ ಕೈಯಿಂದ ಬಟ್ಟಲು ಹಿಡಿದು ನಗುತ್ತಿದ್ದರು. ಗುರುಬಸವ್ವ ಬೆಲ್ಲದ ಸೆರಗನ್ನು ಬಾಯಿಗೆ ಹಚ್ಚಿಕೊಂಡಿದ್ದರು. ಇವರೆಲ್ಲರ ದನಿಯನ್ನೂ ಮುಳುಗಿಸಿ ಮಹಾಂತಪ್ಪನವರು ನಕ್ಕರು. ಕುರ್ಚಿಯ ಕೈ ಹಿಡಿದುಕೊಂಡು, ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ನನ್ನನ್ನು ನೋಡಿ, ಮತ್ತೆ ಮೊದಲಿನಿಂದ ನಕ್ಕರು.